ಮರಳಿನ ಮೇಲೆ ಹಿಮದ ಬಂಡಿ

ಯಾವ ಯಂತ್ರವನ್ನು ಕೊಂಡರೂ ಅದರ ಜೊತೆಗೆ ಬರುವ ಕೈಪಿಡಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವ ಅಭ್ಯಾಸ ನನಗಿದೆ. ಇದೊಂದು ಸದ್ಗುಣವೆಂದು ನಾನು ಬಹುಕಾಲ ನಂಬಿದ್ದೆ. ಇದೊಂದು ಕಾಯಿಲೆಯೆಂದು ನಮ್ಮ ಮನೆಯವರು ಅಷ್ಟೇ ಕಾಲ ನಂಬಿದ್ದರು. ಅನ್ನ ಮಾಡುವ ವಿದ್ಯುತ್ ಕುಕ್ಕರ್ ಕೊಂಡ ದಿನ ಬಹರೈನಿನ ಜುಫೈರಿನಲ್ಲಿರುವ ನಮ್ಮ ಫ್ಲ್ಯಾಟಿನಲ್ಲಿ ಊಟವಾದಾಗ ಮಧ್ಯಾಹ್ನ ಮೂರು ಗಂಟೆ ದಾಟಿತ್ತು. 'ಈ ಉಪಕರಣವನ್ನು ಸ್ನಾನದ ತೊಟ್ಟಿಯಲ್ಲಿ ಇಟ್ಟು ಬಳಸಕೂಡದು' ಎಂಬ ಎಚ್ಚರಿಕೆಯನ್ನೂ ಬಿಡದೆ ನಾನು ಗಟ್ಟಿಯಾಗಿ ಓದಿ ಮುಗಿಸುವವರೆಗೆ ಅಕ್ಕಿ ತೊಳೆಯಲು ಯಾರಿಗೂ ಅನುಮತಿಯಿರಲಿಲ್ಲ. ನಮ್ಮವರು ಸಿವಿಲ್ ಎಂಜಿನಿಯರ್. ಮೂವತ್ತು ಅಂತಸ್ತಿನ ಕಟ್ಟಡಗಳನ್ನು ನಿಲ್ಲಿಸಿದವರು. ಅವರು ಸೋಫಾದಲ್ಲಿ ಕುಳಿತು, "ಸ್ನಾನದ ತೊಟ್ಟಿಯಲ್ಲಿ ಅನ್ನ ಮಾಡುವುದಿಲ್ಲ ಎಂದು ಬೇಕಾದರೆ ಬರೆದುಕೊಡುತ್ತೇನೆ, ಒಲೆಯ ಮೇಲಾದರೂ ಎರಡು ಹಿಡಿ ಇಡು ಮಾರಾಯ್ತಿ," ಎಂದು ಅಂಗಲಾಚಿದ್ದು ನನಗೆ ಈಗಲೂ ನೆನಪಿದೆ.

ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ಹದಿನೇಳು ವರ್ಷ ಕನ್ನಡ, ಇಂಗ್ಲಿಷ್ ಎರಡರ ವ್ಯಾಕರಣವನ್ನೂ ಕಲಿಸಿ ಬಂದವಳಿಗೆ ಕೈಪಿಡಿಯ ಗದ್ಯ ರುಚಿಸಿದರೆ ಆಶ್ಚರ್ಯವಿಲ್ಲ. ಅಲ್ಲಿ ಉಪಮೆಯಿಲ್ಲ, ಉತ್ಪ್ರೇಕ್ಷೆಯಿಲ್ಲ, ಲೇಖಕನ ಬಾಲ್ಯದ ನೆನಪುಗಳಿಲ್ಲ. ತೆಗೆಯಿರಿ, ಒರೆಸಿರಿ, ಬಿಗಿಯಿರಿ: ಪ್ರತಿ ವಾಕ್ಯವೂ ತಲೆಯೆತ್ತಿ ನಿಂತು ಅಪ್ಪಣೆ ಕೊಡುತ್ತದೆ. ಒಂದನೆಯದು ಮುಗಿಯದೆ ಎರಡನೆಯದು ಬರುವುದಿಲ್ಲ. ಅದರಲ್ಲಿಯೂ ದೋಷಪತ್ತೆಯ ಅಧ್ಯಾಯ ನನಗೆ ಬಲು ಪ್ರಿಯವಾದದ್ದು. ಅದರ ಮೂರು ಕಾಲಮುಗಳಲ್ಲಿ ಲಕ್ಷಣ, ಕಾರಣ, ಪರಿಹಾರಗಳು ಅಕ್ಕಪಕ್ಕ ಕುಳಿತಿರುತ್ತವೆ. ನಮ್ಮ ಹಳೆಯ ವೈದ್ಯರೂ ಹೀಗೆಯೇ ನಾಡಿ ಹಿಡಿದು, ನಿದಾನವನ್ನು ನಿಶ್ಚಯಿಸಿ, ಆಮೇಲೆ ಕಷಾಯ ಹೇಳುತ್ತಿದ್ದರು. ಬದುಕಿನ ಎಲ್ಲ ತೊಂದರೆಗಳನ್ನೂ ಇಂಥ ಕೋಷ್ಟಕದಲ್ಲಿ ಕೂರಿಸಬಹುದೆಂಬ ಗುಪ್ತವಾದ ಆಸೆ ನನಗಿತ್ತು. ಅತ್ತೆಯವರ ಸಿಟ್ಟಿಗಾಗಿ ಅಂಥದೊಂದನ್ನು ತಯಾರಿಸಿಯೂ ಇದ್ದೆ. ಕಾರಣದ ಕಾಲಮು ಎಲ್ಲ ಸಾಲಿನಲ್ಲಿಯೂ ಒಂದೇ ಬಂದದ್ದರಿಂದ ಕೈಬಿಟ್ಟೆ.

ನನ್ನ ಈ ಚಾಳಿಯನ್ನು ಕಾಯಿಲೆಯೆನ್ನದೆ ಸಹಿಸಿಕೊಂಡವರು ಒಬ್ಬರೇ, ಅಲ್ಲಿಯೇ ಸೆಗಯಾ ಬಡಾವಣೆಯಲ್ಲಿ ಗ್ಯಾರೇಜು ನಡೆಸುತ್ತಿದ್ದ ಸದಾನಂದ. ಕಾರ್ಕಳದ ಕಡೆಯವರು, ಮನೆಮಾತು ತುಳು, ವಯಸ್ಸು ಮೂವತ್ತೈದರ ಆಸುಪಾಸು. ಒಂದು ಲಾಂಡ್ರಿಗೂ ಒಂದು ಮಲಬಾರಿ ಚಹಾದಂಗಡಿಗೂ ನಡುವೆ ಎರಡು ಕಾರು ನಿಲ್ಲುವಷ್ಟು ಜಾಗ ಅವರದು. ನಮ್ಮ ಹಳೆಯ ಕಾರನ್ನು ಅಲ್ಲಿಗೆ ಒಯ್ದಾಗಲೆಲ್ಲ ನಾನು ಕಬ್ಬಿಣದ ಸ್ಟೂಲಿನ ಮೇಲೆ ಕುಳಿತು ಕೈಪಿಡಿ ಓದುವುದು, ಅವರು ಕಾರಿನ ಕೆಳಗಿನಿಂದ "ಹ್ಞಾಂ, ಆಯ್ತು, ಮುಂದೆ," ಎನ್ನುವುದು ರೂಢಿ.

"ಆಯಿಲ್ ಬದಲು ಮಾಡ್ಲಿಕ್ಕೆ ಅರ್ಧ ಗಂಟೆ ಸಾಕು ಟೀಚರ್," ಎಂದು ಒಮ್ಮೆ ಅವರೇ ಅಂದಿದ್ದರು. "ನೀವು ಓದ್ಲಿಕ್ಕೆ ಶುರು ಮಾಡಿದ್ರೆ ಮಾತ್ರ ನಾನು ಊಟ ಕಟ್ಟಿಕೊಂಡು ಬರ್ಬೇಕಾಗ್ತದೆ."

ಅಂಥ ಸದಾನಂದರು ಒಂದು ಅಕ್ಟೋಬರಿನಲ್ಲಿ ತಾವಾಗಿಯೇ ಫೋನು ಮಾಡಿದರು. "ಟೀಚರ್, ಇಲ್ಲೊಂದು ಪುಸ್ತಕ ಉಂಟು. ನೂರಾ ಎಂಬತ್ತು ಪೇಜು. ಎಲ್ಲ ಇಂಗ್ಲಿಷು. ಬರ್ತೀರಾ?"

ನೂರ ಎಂಬತ್ತು ಪುಟ! ಒಲೆ ಆರಿಸಿ ಹೊರಟೆ.

ಪುಸ್ತಕಕ್ಕಿಂತ ಮೊದಲು ಕಣ್ಣಿಗೆ ಬಿದ್ದದ್ದು ಗ್ಯಾರೇಜಿನ ನಡುವೆ ನಿಂತಿದ್ದ ವಿಚಿತ್ರ ಪ್ರಾಣಿ. ಮುಂಭಾಗದಲ್ಲಿ ಮೂತಿ ಮೇಲಕ್ಕೆತ್ತಿದ ಎರಡು ಜಾರುಹಲಗೆಗಳು, ಹಿಂಭಾಗದಲ್ಲಿ ಯುದ್ಧದ ಟ್ಯಾಂಕಿಗಿರುವಂಥ ರಬ್ಬರಿನ ಅಗಲ ಪಟ್ಟಿ, ಮೇಲೆ ಬೈಕಿನ ಸೀಟು, ಬೈಕಿನದೇ ಹ್ಯಾಂಡಲ್. ಅದು ಸ್ನೋಮೊಬೈಲ್; ಮಂಜುಗಡ್ಡೆಯ ದೇಶಗಳಲ್ಲಿ ಹಿಮದ ಮೇಲೆ ಓಡುವ ಬಂಡಿ. ಹಿಮವೆಂಬುದು ಫ್ರಿಜ್ಜಿನ ಮೇಲಿನ ಅರೆಯಲ್ಲಿ ಮಾತ್ರ ಬೀಳುವ ಬಹರೈನಿನಲ್ಲಿ ಅದಕ್ಕೇನು ಕೆಲಸ? ಊರಿಗೆ ಮರಳುತ್ತಿದ್ದ ಯಾರೋ ವಿದೇಶೀಯರಿಂದ ಅದನ್ನು ಕೊಂಡವರು ಸದಾನಂದರ ಕಫೀಲರಾದ ಅಬು ಯೂಸುಫ್. ಗ್ಯಾರೇಜಿನ ಪರವಾನಗಿಯೂ ಸದಾನಂದರ ವೀಸಾವೂ ಇದ್ದದ್ದು ಅವರ ಹೆಸರಿನಲ್ಲಿ. ಅರವತ್ತು ದಾಟಿದ ಅವರದು ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ನಗು. ಚಳಿಗಾಲದಲ್ಲಿ ಇಲ್ಲಿಯ ಕುಟುಂಬಗಳು ಸಖೀರ್ ಮರುಭೂಮಿಯಲ್ಲಿ ಡೇರೆ ಹಾಕಿ ತಿಂಗಳುಗಟ್ಟಲೆ ಬೀಡುಬಿಡುವುದುಂಟು. ಅಕ್ಕಪಕ್ಕದ ಡೇರೆಗಳವರೆಲ್ಲ ನಾಲ್ಕು ಚಕ್ರದ ಬೈಕು ಓಡಿಸುವಾಗ ತಾವು ಹಿಮದ ಬಂಡಿಯನ್ನೇ ಮರಳಿನಲ್ಲಿ ಓಡಿಸಬೇಕು, ಡಿಸೆಂಬರಿನಲ್ಲಿ ಕುವೈತಿನಿಂದ ಬರುವ ಅಣ್ಣನ ಕಣ್ಣು ಕುಕ್ಕಬೇಕು: ಇಷ್ಟೇ ಅವರ ಜೀವನದ ಸದ್ಯದ ಗುರಿ.

ಬಂಡಿ ಓಡುತ್ತಿತ್ತು. ಹಿಂದಿನ ಪಟ್ಟಿ ಬಿಸಿಯೇರದಂತೆ ಸದಾನಂದರು ಅದಕ್ಕೆ ಒಂದಷ್ಟು ಪುಟ್ಟ ಚಕ್ರಗಳನ್ನೂ ಸೇರಿಸಿದ್ದರು. ತೊಂದರೆಯಿದ್ದದ್ದು ಸ್ಟಿಯರಿಂಗಿನಲ್ಲಿ. ಹ್ಯಾಂಡಲನ್ನು ಮೂರು ಬೆರಳಗಲ ತಿರುಗಿಸಿದರೂ ಹಲಗೆಗಳು ಅಲುಗುತ್ತಿರಲಿಲ್ಲ. ಅಲುಗಿದ ಮೇಲೆ ಬಂಡಿ ತನ್ನಿಷ್ಟದಂತೆ ಎಡಕ್ಕೆಳೆಯುತ್ತಿತ್ತು. ವೇಗ ಹೆಚ್ಚಿದರೆ ಮೂತಿಯೆಲ್ಲ ಗಡಗಡ ನಡುಗುತ್ತಿತ್ತು.

ಅಬು ಯೂಸುಫ್ ನನ್ನನ್ನು ಮುದರ್ರಿಸಾ, ಅಂದರೆ ಉಪಾಧ್ಯಾಯಿನಿ ಎಂದು ಕರೆಯುತ್ತಿದ್ದರು. ತಮ್ಮ ಶರತ್ತನ್ನು ಆ ದಿನವೇ ನನ್ನೆದುರಿಗೆ ಘೋಷಿಸಿದರು: "ಮುದರ್ರಿಸಾ, ಗಾಡಿ ಸೀದಾ, ಸದಾನಂದ್ ಛುಟ್ಟಿ. ಗಾಡಿ ಟೇಢಾ, ಛುಟ್ಟಿ ಮಾಫಿ. ಖಲಾಸ್."

ಬಂಡಿ ನೆಟ್ಟಗಾದರೆ ರಜೆ, ಸೊಟ್ಟಗಿದ್ದರೆ ಇಲ್ಲ. ಹಿಂದಿಯೂ ಅರಬ್ಬಿಯೂ ಅರ್ಧರ್ಧ ಬೆರೆತ ಆ ಭಾಷೆಯಲ್ಲಿ ಒಂದು ಕ್ರಿಯಾಪದವೂ ಇಲ್ಲದೆ ಇಷ್ಟು ಖಚಿತವಾಗಿ ಮಾತನಾಡಬಹುದೆಂದು ನನಗೆ ಗೊತ್ತಿರಲಿಲ್ಲ.

ರಜೆ ಯಾಕೆಂಬುದು ಸದಾನಂದರ ಸಲಕರಣೆಯ ಕಪಾಟಿನ ಬಾಗಿಲ ಒಳಮೈಯಲ್ಲಿ ಅಂಟಿಸಿಟ್ಟಿತ್ತು. ಸ್ಪ್ಯಾನರುಗಳ ಸಾಲಿನ ಮೇಲೆ, ಬೋಳುತಲೆಯ, ಕಣ್ಣು ಕಪ್ಪಿಟ್ಟುಕೊಂಡ ಹೆಣ್ಣುಮಗುವೊಂದರ ಫೋಟೊ. ಮಗು ಹುಟ್ಟಿ ನಾಲ್ಕು ತಿಂಗಳಾಗಿತ್ತು. ಅಪ್ಪ ಅದನ್ನು ಇನ್ನೂ ಎತ್ತಿಕೊಂಡಿರಲಿಲ್ಲ. ಡಿಸೆಂಬರಿನ ಒಂದು ಶುಕ್ರವಾರ ಬೆಳಗ್ಗೆ ಅನ್ನಪ್ರಾಶನಕ್ಕೆ ಮುಹೂರ್ತವಿಟ್ಟಿದ್ದರು.

"ಮೊದಲ ತುತ್ತು ನಾನೇ ಕೊಡ್ಬೇಕಂತ ಉಂಟು ಟೀಚರ್," ಎಂದರು ಸದಾನಂದರು. "ಹೆಂಡತಿಯ ಅಣ್ಣ ಆಗ್ಲೇ ರೆಡಿಯಾಗಿ ಕೂತಿದ್ದಾನೆ. ಭಾವ ಬಾರದಿದ್ರೆ ನಾನುಂಟಲ್ಲ ಅಂತ ಪ್ರತಿ ಸಲ ಫೋನಲ್ಲಿ ಹೇಳ್ತಾನೆ, ಬೇವರ್ಸಿ."

"ಹೆದರಬೇಡಿ," ಎಂದೆ ನಾನು, ಪುಸ್ತಕ ತೆರೆಯುತ್ತ. "ಕ್ರಮವಾಗಿ ಹೋದರೆ ಎಲ್ಲವೂ ಸರಿಯಾಗುತ್ತದೆ."

ಕ್ರಮವಾಗಿಯೇ ಹೋದೆವು. ಸದಾನಂದರು ಬಂಡಿಯ ಮೂತಿಯನ್ನು ಜಾಕಿನಿಂದ ಎತ್ತಿ ಹಲಗೆಗಳನ್ನು ನೆಲದಿಂದ ಬಿಡಿಸಿದರು. ನಾನು ಓದಿದಂತೆ ಒಂದೊಂದು ಹಲಗೆಯ ತುದಿಯನ್ನೂ ಹಿಡಿದು ಎಡಬಲಕ್ಕೆ ಅಲುಗಿಸಿದರು. ಸದಾನಂದರು ಅವುಗಳನ್ನು ಹಲಗೆಯೆನ್ನುತ್ತಿರಲಿಲ್ಲ, ಕಾಲು ಎನ್ನುತ್ತಿದ್ದರು. "ಎಡದ ಕಾಲಲ್ಲಿ ಪ್ಲೇ ಉಂಟು," ಎಂದರು. ಕೀಲು ಸವೆದು ಸಡಿಲವಾಗಿದೆ ಎಂದರ್ಥ. ಹ್ಯಾಂಡಲಿನಿಂದ ಹಲಗೆಗೆ ಹೋಗುವ ಸರಳಿನ ತುದಿಯ ಗುಂಡುಕೀಲು ತೇದಿತ್ತು. ಮುಂದಿನ ಸಸ್ಪೆನ್ಷನ್ ತೋಳುಗಳ ಒಳಗಿನ ಬುಷ್ಷೆಂಬ ಬಳೆ, ದುಂಡಗಿರಬೇಕಾದದ್ದು, ಮೊಟ್ಟೆಯಾಕಾರಕ್ಕೆ ಬಂದಿತ್ತು. ಅಂಥ ಬಿಡಿಭಾಗ ಈ ದ್ವೀಪದಲ್ಲೆಲ್ಲಿ ಸಿಗಬೇಕು? ಅವರು ಪಕ್ಕದ ಬೀದಿಯ ಲೇತಿನಲ್ಲಿ ಹಿತ್ತಾಳೆಯ ಹೊಸ ಬುಷ್ಷು ಕಡೆದು ತಂದರು. ಹಲಗೆಗಳ ನಡುವಿನ ಅಂತರವನ್ನು ಹಿಂದಿನ ಪಟ್ಟಿಯಿಂದ ನೂಲು ಎಳೆದು ಅಳೆದರು. ನಾನು ಪುಸ್ತಕದ ಅಳತೆ ಓದಿದೆ. ಅವರು ಸರಳನ್ನು ಅರ್ಧ ಸುತ್ತು ತಿರುಗಿಸಿದರು. ನಮ್ಮಿಬ್ಬರ ಜುಗಲ್‌ಬಂದಿಯನ್ನು ನೋಡಲು ಚಹಾದಂಗಡಿಯವರೂ ಬಂದು ನಿಂತರು.

ಕೊನೆಗೆ ಪಾಲನೆಯ ಅಧ್ಯಾಯ. 'ಪ್ರತಿ ಸವಾರಿಯ ಬಳಿಕ ಎಲ್ಲ ಕೀಲುಗಳಿಗೂ ಗ್ರೀಸ್ ತುಂಬಿರಿ; ಹಳೆಯ ಗ್ರೀಸ್ ಅಂಚಿನಿಂದ ಹೊರಸೂಸುವವರೆಗೆ ತುಂಬಿರಿ.'

"ಟೀಚರ್, ಒಂದು ಮಾತು. ಈ ಮರಳಲ್ಲಿ ಗ್ರೀಸ್ ಅಂದ್ರೆ..."

"ಮೊದಲು ಪಾಠ ಮುಗಿಯಲಿ. ಪ್ರಶ್ನೆ ಆಮೇಲೆ."

ಹದಿನೇಳು ವರ್ಷ ಇದೇ ವಾಕ್ಯ ನನ್ನನ್ನು ಕಾಪಾಡಿತ್ತು. ಪಾಠ ಮುಗಿಯುವ ಹೊತ್ತಿಗೆ ಗಂಟೆ ಹೊಡೆಯುತ್ತಿತ್ತು, ಪ್ರಶ್ನೆ ಮನೆಗೆ ಹೋಗುತ್ತಿತ್ತು. ಸದಾನಂದರೂ ಗ್ರೀಸ್ ಗನ್ ಎತ್ತಿಕೊಂಡರು. ನಾನು ದಪ್ಪ ಕಾಗದದ ಮೇಲೆ ದುಂಡಗಿನ ಅಕ್ಷರದಲ್ಲಿ ಹನ್ನೊಂದು ಕೀಲುಗಳ ಪಟ್ಟಿ ಬರೆದು ಗ್ರೀಸ್ ಗನ್ನಿನ ಮೇಲ್ಗಡೆ ಗೋಡೆಗಂಟಿಸಿ, ಪ್ರತಿ ವಾರ ಗುರುತು ಹಾಕುವಂತೆ ಹೇಳಿ ಬಂದೆ.

ಮುಂದಿನ ಶುಕ್ರವಾರ ಬಂಡಿ ನೆಟ್ಟಗೆ ಓಡಿತಂತೆ. ಎರಡನೆಯ ಶುಕ್ರವಾರದ ಸಂಜೆ ಅದು ಟ್ರಕ್ಕಿನ ಮೇಲೆ ಮಲಗಿಕೊಂಡು ಸೆಗಯಾಕ್ಕೆ ಮರಳಿತು. ಮತ್ತೆ ಪ್ಲೇ, ಮತ್ತೆ ಎಡಕ್ಕೆಳೆತ. ಮತ್ತೆ ಒಂದನೆಯ ಹಂತದಿಂದ ಓದಿದೆ. ಹೊಸ ಬುಷ್ಷು ಕಡೆಸಿದ್ದಾಯಿತು. ಗ್ರೀಸು ಸಾಲದೇ ಹೋಗಿರಬೇಕೆಂದು ಅದನ್ನು ಇನ್ನಷ್ಟು ತುಂಬಿಸಿದೆ. ಮತ್ತೆರಡು ವಾರದಲ್ಲಿ ಬಂಡಿ ಮೊದಲಿಗಿಂತ ಹೆಚ್ಚು ಸಡಿಲವಾಗಿ ಬಂತು. ಅನ್ನಪ್ರಾಶನಕ್ಕೆ ಹದಿನೈದು ದಿನವಿತ್ತು. ಅಬು ಯೂಸುಫರ ನಗು ಸಣ್ಣದಾಗುತ್ತ ಬಂದಿತ್ತು. "ಹರ್ ದಿನ್ ಬಚ್ಚಾ, ಬಚ್ಚಾ! ದಿಮಾಗ್ ಗಾಡಿ ಮೇಂ ಮಾಫಿ!" ಎಂದು ಅವರು ಸದಾನಂದರನ್ನು ನನ್ನೆದುರಿಗೇ ಗದರಿದರು. ಮಗುವಿನ ಧ್ಯಾನದಲ್ಲಿ ಕೆಲಸ ಕೆಡಿಸುತ್ತಿದ್ದಾರೆಂಬುದು ಆರೋಪ.

ನಾನಾದರೂ ಅವರ ಪರ ಮಾತನಾಡಬೇಕಿತ್ತು. ಆಡಿದ್ದೇನು? ಕಫೀಲರು ಹೋದ ಮೇಲೆ ಗೋಡೆಯ ಪಟ್ಟಿಯನ್ನು ದಿಟ್ಟಿಸುತ್ತ, "ಸದಾನಂದ, ನಿಜ ಹೇಳಿ. ನೀವು ಯಾವುದೋ ಒಂದು ಹಂತ ಬಿಡುತ್ತಿದ್ದೀರಿ," ಎಂದೆ.

ಅವರು ಕೈಯೊರೆಸಿಕೊಳ್ಳುತ್ತಿದ್ದ ಬಟ್ಟೆಯನ್ನು ಮಡಚಿ, ಮತ್ತೆ ಬಿಡಿಸಿ, "ಹನ್ನೊಂದಕ್ಕೆ ಹನ್ನೊಂದೂ ತುಂಬಿದ್ದೇನೆ ಟೀಚರ್," ಎಂದರು. "ಮೇಲಿಂದ ಮೇಲೆ ತುಂಬಿದ್ದೇನೆ." ಅಷ್ಟೇ. ಆ ದಿನ ಅವರು ನನಗೆ ಚಹಾ ತರಿಸಲಿಲ್ಲ.

ನನಗೆ ನಿದ್ದೆ ಕೆಡಿಸುವಂಥದ್ದು ಎರಡೇ: ಉತ್ತರ ಸಿಗದ ಸಮಸ್ಯೆ, ಬಾರದ ಚಹಾ. ಮುಂದಿನ ಶುಕ್ರವಾರ ನಮ್ಮವರನ್ನು ಹೊರಡಿಸಿಕೊಂಡು ಸಖೀರಿಗೆ ಹೋದೆ. ಸದಾನಂದರ ಕೆಲಸವನ್ನು ಕಣ್ಣಾರೆ ಪರೀಕ್ಷಿಸಿ ತಪ್ಪು ಹಿಡಿಯುವುದು ನನ್ನ ಉದ್ದೇಶವಾಗಿತ್ತೆಂದು ಒಪ್ಪಿಕೊಳ್ಳುತ್ತೇನೆ. ಅಬು ಯೂಸುಫ್ ಎರಡು ಸುತ್ತು ಹೊಡೆದು, ಬಂಡಿ ನಿಲ್ಲಿಸಿ, ಮುಖ ಸಿಂಡರಿಸಿಕೊಂಡು ಡೇರೆಯೊಳಗೆ ಖಾವಾ ಎಂಬ ಅರಬ್ಬಿ ಕಾಫಿ ಕುಡಿಯಲು ಹೋದರು. ಸದಾನಂದರು ಗ್ರೀಸ್ ಗನ್ ತೆಗೆದುಕೊಂಡು ಬಂಡಿಯ ಮುಂದೆ ಕುಳಿತರು. ನಾನು ಪುಸ್ತಕ ಹಿಡಿದು ಪಕ್ಕದಲ್ಲಿ ಬಗ್ಗಿದೆ.

ಎಡದ ಕೀಲಿನ ಸುತ್ತ ದಪ್ಪನೆಯ ಕಪ್ಪು ಕಾಲರೊಂದು ಬೆಳೆದು ನಿಂತಿತ್ತು. ನಾವು ತುಂಬಿ ತುಂಬಿ ಹೊರಸೂಸಿದ ಗ್ರೀಸು. ಅದರ ಮೇಲೆ ಸಖೀರಿನ ನುಣುಪು ಮರಳು, ಚಕ್ಕುಲಿಗೆ ಅಂಟಿದ ಎಳ್ಳಿನಂತೆ. ಬೆರಳ ತುದಿಯಿಂದ ಒಂದಿಷ್ಟು ತೆಗೆದು ಹೆಬ್ಬೆರಳಿಗೆ ಉಜ್ಜಿದೆ. ಅದು ಗ್ರೀಸಾಗಿರಲಿಲ್ಲ, ಪಾತ್ರೆ ತಿಕ್ಕುವ ಪುಡಿಯಾಗಿತ್ತು. ಹಿತ್ತಾಳೆ ಬುಷ್ಷನ್ನು ನಾನು ಪ್ರತಿ ವಾರ ಮರಳುಕಾಗದದಿಂದ ತೇಯಿಸುತ್ತಿದ್ದೆ, ಅದೂ ಪಟ್ಟಿ ಬರೆದು, ಗುರುತು ಹಾಕಿಸಿ.

ಕೈಪಿಡಿ ತಪ್ಪು ಹೇಳಿರಲಿಲ್ಲ. ಹಿಮದಲ್ಲಿ ಗ್ರೀಸು ಉಕ್ಕಿ ನಿಂತರೆ ನೀರು ಒಳಗೆ ಬಾರದು, ತುಕ್ಕು ಹಿಡಿಯದು. 'ಹಿಮದಲ್ಲಿ' ಎಂಬ ಮಾತನ್ನು ಅದನ್ನು ಬರೆದವರು ಬರೆದಿರಲಿಲ್ಲ, ಅಷ್ಟೇ. ಯಾಕೆ ಬರೆಯಬೇಕು? ಹಿಮದ ಬಂಡಿಯನ್ನು ಮರಳಿನಲ್ಲಿ ಓಡಿಸುವ ಒಬ್ಬ ಮನುಷ್ಯನೂ, ಆ ಮರಳನ್ನು ಕಿಟಕಿಯಿಂದ ಹತ್ತು ವರ್ಷ ನೋಡಿಯೂ ಪುಸ್ತಕವನ್ನೇ ನಂಬುವ ಒಬ್ಬ ಹೆಂಗಸೂ ಒಂದೇ ದ್ವೀಪದಲ್ಲಿ ಸಿಕ್ಕಾರೆಂದು ಅವರಿಗೆ ಹೇಗೆ ಗೊತ್ತಾಗಬೇಕು? ಚಿಕ್ಕಂದಿನಲ್ಲಿ ನಮ್ಮ ಬೀದಿಗೆ ಬರುತ್ತಿದ್ದ ಬಂಡಿಯವನು ಕೀಲೆಣ್ಣೆ ಹಾಕುವುದನ್ನು ನಾನೇ ಎಷ್ಟೋ ಸಲ ನಿಂತು ನೋಡಿದ್ದೇನೆ. ಗಾಲಿ ಕಳಚಿ, ಅಚ್ಚಿನ ಮೇಲಿನ ಹಳೆಯ ಕಪ್ಪನ್ನೆಲ್ಲ ಹುಲ್ಲಿನಿಂದ ಒರೆಸಿ ಒರೆಸಿ ತೆಗೆದು, ಆಮೇಲೆ ಒಂದೇ ಒಂದು ಬೆರಳಷ್ಟು ಹೊಸ ಎಣ್ಣೆ ಸವರುತ್ತಿದ್ದ. ಹೆಚ್ಚಾದದ್ದನ್ನೂ ಒರೆಸಿಬಿಡುತ್ತಿದ್ದ. ಅವನಿಗೆ ಕೈಪಿಡಿಯಿರಲಿಲ್ಲವಾದ್ದರಿಂದ ನಾನು ಅದನ್ನು ವಿದ್ಯೆಯೆಂದು ಗಣಿಸಿರಲಿಲ್ಲ.

"ಸದಾನಂದ," ಎಂದೆ, "ಮೊದಲ ದಿನ ನೀವೊಂದು ಮಾತು ಹೇಳಹೊರಟಿದ್ದಿರಿ. ಏನದು?"

"ಹೋಗ್ಲಿ ಬಿಡಿ ಟೀಚರ್."

"ಹೇಳಿ."

"ಇದೇ. ಮರಳಲ್ಲಿ ಗ್ರೀಸ್ ಹೊರಗೆ ಕಂಡ್ರೆ ಕೆಲಸ ಕೆಟ್ಟಿತು ಅಂತ. ಒರೆಸಿ ಡ್ರೈ ಇಟ್ಟು, ಮೇಲಿಂದ ಹಳೆ ಟ್ಯೂಬ್ ಸುತ್ತಿ ಕಟ್ಬೇಕು."

"ಮತ್ತೆ ಯಾಕೆ ಹೇಳಲಿಲ್ಲ?"

ಅವರು ಪುಸ್ತಕವನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. "ಹೇಳಿದ್ರೆ ನೀವು ಬೆಂಚಿನ ಮೇಲೆ ನಿಲ್ಲಿಸ್ತಿದ್ರಿ."

ನಮ್ಮವರು ಹಿಂದೆ ನಿಂತು ಕೆಮ್ಮಿದರು. ಅದು ಕೆಮ್ಮಲ್ಲವೆಂದು ಇಪ್ಪತ್ತೆರಡು ವರ್ಷದ ಸಂಸಾರದಿಂದ ನನಗೆ ಗೊತ್ತು.

ಡೇರೆಯವರೆಗಿನ ಐವತ್ತು ಹೆಜ್ಜೆ ಬಹಳ ಉದ್ದವಾಗಿತ್ತು. ತರಗತಿಯಲ್ಲಿ ನಾನು ತಪ್ಪೊಪ್ಪಿಕೊಂಡದ್ದು ಒಮ್ಮೆಯೂ ಇಲ್ಲ. ತಪ್ಪಿದಾಗ, ನೀವು ಗಮನಿಸುತ್ತೀರೋ ಎಂದು ಪರೀಕ್ಷಿಸಿದೆ ಎನ್ನುತ್ತಿದ್ದೆ. ಆ ದಾರಿ ಇಲ್ಲಿಯೂ ತೆರೆದಿತ್ತು. ಸುಮ್ಮನಿದ್ದರೂ ನಡೆಯುತ್ತಿತ್ತು, ಬಂಡಿಯನ್ನು ಸದಾನಂದರೇ ಸರಿಪಡಿಸುತ್ತಿದ್ದರು. ಆದರೆ ರಜೆ ಕೊಡುವವರ ಲೆಕ್ಕದಲ್ಲಿ ಕೆಲಸಗೇಡಿಯಾಗಿದ್ದವರು ಅವರೇ ಅಲ್ಲವೇ? ಕಪ್ಪು ಬೆರಳನ್ನು ಸಾಕ್ಷಿಗೆ ಮುಂದೆ ಚಾಚಿಕೊಂಡು ಡೇರೆಯೊಳಗೆ ಹೋಗಿ, ಪ್ರಥಮ ದರ್ಜೆಯ ಹಿಂದಿಯಲ್ಲಿ, ಕರ್ತೃ ಕರ್ಮ ಕ್ರಿಯಾಪದಗಳನ್ನು ಬಿಡದೆ, ಈ ಬಂಡಿಯನ್ನು ಮೂರು ಬಾರಿ ಕೆಡಿಸಿದವಳು ನಾನು, ಸದಾನಂದರು ಮೊದಲ ದಿನವೇ ಸರಿಯಾದದ್ದನ್ನು ಹೇಳಲು ಬಂದಿದ್ದರು, ನಾನು ಬಾಯಿ ಮುಚ್ಚಿಸಿದೆ ಎಂದು ಹೇಳಿದೆ.

ಅಬು ಯೂಸುಫ್ ಖಾವಾದ ಬಟ್ಟಲನ್ನು ಕೆಳಗಿಟ್ಟರು. ನನ್ನ ಬೆರಳಿನ ಗ್ರೀಸನ್ನು ತಮ್ಮ ಬೆರಳಿಗೆ ತೆಗೆದುಕೊಂಡು ಉಜ್ಜಿದರು. ಹೊಟ್ಟೆ ಮೊದಲು ಅಲುಗಿತು, ನಗು ಆಮೇಲೆ ಬಂತು. ಹೊರಗೆ ಹೋಗಿ, ಮರಳಲ್ಲಿ ಕುಳಿತಿದ್ದ ಸದಾನಂದರ ತಲೆಯ ಮೇಲೊಂದು ಮೆಲ್ಲನೆ ತಟ್ಟಿ, "ಆಪ್ ಬೋಲೋ ನಾ! ಮುದರ್ರಿಸಾ ಬೋಲಾ, ತುಮ್ ಡರಾ? ಹಮ್ ಭೀ ಡರಾ!" ಎಂದರು; ಮುದರ್ರಿಸಾಗೆ ತಾವೂ ಹೆದರುತ್ತಾರಂತೆ. ಆಮೇಲೆ ನನ್ನ ಕಡೆಗೆ ತಿರುಗಿದರು. ಸದಾನಂದ ಹೋಗಲಿ, ಈ ವಾರವೇ ಹೋಗಲಿ. ಆದರೆ ಅಣ್ಣ ಬರುವಾಗ ಬಂಡಿಯನ್ನು ನೋಡಿಕೊಳ್ಳುವವರು ಯಾರು? ಕೆಡಿಸಿದವರು ಯಾರೋ ಅವರೇ ಎಂಬುದು ಅವರ ತೀರ್ಪು.

ಹೀಗೆ ನಲವತ್ತೆಂಟನೆಯ ವಯಸ್ಸಿನಲ್ಲಿ ನಾನು ಗ್ಯಾರೇಜಿಗೆ ಸೇರಿದೆ. ಹೊರಡುವ ಮುನ್ನ ಸದಾನಂದರು ಕೀಲುಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಬುಷ್ಷು ಕೂರಿಸಿ, ಕಾರಿನ ಹಳೆಯ ಟ್ಯೂಬು ಕತ್ತರಿಸಿ ಒಂದೊಂದಕ್ಕೂ ಕುಲಾವಿ ಕಟ್ಟಿದರು. ಪ್ರತಿ ಸವಾರಿಯ ಬಳಿಕ ನಾನು ಮಾಡಬೇಕಾದದ್ದನ್ನು ಹೇಳತೊಡಗಿದಾಗ ಅಭ್ಯಾಸಬಲದಿಂದ ನೋಟುಪುಸ್ತಕ ತೆಗೆದೆ.

"ಬರೀಬೇಡಿ ಟೀಚರ್. ಕೈ ಇಲ್ಲಿಡಿ." ಎಡದ ಕೀಲಿನ ಮೇಲೆ ನನ್ನ ಕೈ ಇಡಿಸಿ, ತಾವು ಹಲಗೆಯ ತುದಿಯನ್ನು ಅಲುಗಿಸಿದರು. "ಸಿಕ್ಕಿತಾ?"

"ಏನೂ ಸಿಗಲಿಲ್ಲ."

"ಅದೇ. ಏನೂ ಸಿಗಬಾರ್ದು. ಟಿಕ್ ಅಂತ ಸಣ್ಣದು ಸಿಕ್ಕಿದ್ರೆ ಪ್ಲೇ ಬಂತು ಅಂತ ಲೆಕ್ಕ."

ಅನ್ನಪ್ರಾಶನದ ಶುಕ್ರವಾರ ಬೆಳಗ್ಗೆ ಸಖೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೀಲಿನ ಮರಳು ಉದುರಿಸುತ್ತಿದ್ದಾಗ ಫೋನು ಬಂತು. ಹಿನ್ನೆಲೆಯಲ್ಲಿ ಜನ, ಪಾತ್ರೆ, ಮಗುವಿನ ಭೀಕರ ಅಳು.

"ಟೀಚರ್, ತುತ್ತು ತಂದ್ರೆ ಬಾಯೇ ಬಿಡೂದಿಲ್ಲ ಮಾರಾಯ್ರೆ ಇದು! ಭಟ್ರು ಮುಹೂರ್ತ ಹೋಗ್ತದೆ ಅಂತಾರೆ, ಅತ್ತೆ ಮೂಗು ಹಿಡಿ ಅಂತಾರೆ, ಹೆಂಡತಿಯ ಅಣ್ಣ ಆಗ್ಲೇ ತೋಳು ಮಡಚಿ ಬಂದ. ಎಂತ ಮಾಡುದು?"

ಇಬ್ಬರು ಮಕ್ಕಳನ್ನು ಪುಸ್ತಕ ನೋಡಿ ಬೆಳೆಸಿದವಳು ನಾನು. ಹೇಳುವುದಕ್ಕೆ ಏಳು ಹಂತಗಳು ನಾಲಗೆಯ ತುದಿಯಲ್ಲಿದ್ದವು. ನುಂಗಿಕೊಂಡೆ. "ನಾನಿಲ್ಲಿಂದ ಏನು ಹೇಳಲಿ ಸದಾನಂದ? ಮಗು ನಿಮ್ಮ ತೊಡೆಯ ಮೇಲಿದೆ. ಅದರ ಮುಖ ನೋಡಿ ಮಾಡಿ."

ಆ ಕಡೆ ಜನರ, ಪಾತ್ರೆಗಳ ಸದ್ದು ಅಡಗಿತು. ಎಲ್ಲರನ್ನೂ ಸುಮ್ಮನಿರಿಸಿದರೆಂದು ತೋರುತ್ತದೆ. ಅಳು ಬಿಕ್ಕಾಗಿ, ಬಿಕ್ಕು ನಿಂತಿತು. ಆಮೇಲೆ ಕಿವಿ ಕಿತ್ತುಹೋಗುವಂತೆ: "ನೆಕ್ಕಿತು ಟೀಚರ್! ಬೆರಳಿಗೆ ಪಾಯಸ ಹಚ್ಚಿ ಹಿಡಿದೆ, ಅದೇ ಎಳ್ಕೊಂಡು ನೆಕ್ಕಿತು! ಬೆರಳು ಬಿಡೂದಿಲ್ಲ ಈಗ!"

ಸುದ್ದಿ ಕೇಳಿ ಅಬು ಯೂಸುಫ್ "ಮಬ್ರೂಕ್, ಮಬ್ರೂಕ್!" ಎಂದು ಅಭಿನಂದನೆ ಕೂಗುತ್ತ ಬಂಡಿಯೇರಿದರು. ಅವರ ಅಣ್ಣನೂ ಮಕ್ಕಳೂ ಡೇರೆಯ ಮುಂದೆ ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು. ಬಂಡಿ ಮರಳು ಚಿಮ್ಮಿಸಿಕೊಂಡು ಹೋಗಿ, ದಿಬ್ಬ ಬಳಸಿ, ಮರಳಿ ಬಂದು ನಿಂತಿತು. "ಸೀದಾ?" ಎಂದು ಅವರು ನನ್ನನ್ನು ಕೇಳಿದರು. ಎಡದ ಕೀಲಿನ ಮೇಲೆ ಕೈಯಿಟ್ಟು ಹಲಗೆ ಅಲುಗಿಸಿದೆ. ಟಿಕ್ ಇತ್ತು, ಬಹಳ ಸಣ್ಣದು, ಗಡಿಯಾರದ ಮುಳ್ಳಿನಷ್ಟು. ಮಕ್ಕಳ ಉತ್ತರಪತ್ರಿಕೆಯಲ್ಲಿ ಒಂದು ಅನುಸ್ವಾರ ತಪ್ಪಿದರೂ ಕೆಂಪು ಗೀಟು ಎಳೆಯದೆ ಬಿಟ್ಟವಳಲ್ಲ ನಾನು. ಸದಾನಂದರ ರಜೆ ಇನ್ನೂ ಇಪ್ಪತ್ತು ದಿನವಿತ್ತು. ಬಂಡಿ ಇನ್ನೂ ಇಪ್ಪತ್ತು ದಿನ ಓಡುವಷ್ಟು ಗಟ್ಟಿಯಾಗಿತ್ತು.

"ಬಿಲ್ಕುಲ್ ಸೀದಾ," ಎಂದೆ.